ಸಮುದ್ರದ ಪಕ್ಕ ಮನೆಯಿದ್ದವರು ‘ಬನ್ನಿ’ ಅನ್ನಬಾರದು

ನಮ್ಮ ಕಡೆ ಯಾರನ್ನೇ ಬೀಳ್ಕೊಡುವಾಗ ‘ಒಂದ್ಸಲ ನಮ್ಮನೆ ಕಡೆ ಬನ್ನಿ’ ಅನ್ನದೆ ಯಾರ ಬಾಯಿಯೂ ಮುಚ್ಚುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅನ್ನುತ್ತೇವೆ. ಜಗಳವಾಡಿ ಎದ್ದು ಬರುವಾಗಲೂ ಬಾಗಿಲ ಹತ್ತಿರ ಅಭ್ಯಾಸಬಲದಿಂದ ಅಂದುಬಿಡುತ್ತೇವೆ. ಅಂದವರಿಗೆ ಇವರು ಬಂದುಬಿಟ್ಟಾರು ಅನ್ನುವ ಭಯವಿಲ್ಲ, ಅನ್ನಿಸಿಕೊಂಡವರಿಗೆ ಹೋಗಲೇಬೇಕು ಅನ್ನುವ ಹಂಗಿಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದ ನಾನು ಹೀಗೆ ಎಷ್ಟು ಜನರನ್ನು ಕರೆದಿದ್ದೇನೋ ಲೆಕ್ಕವಿಲ್ಲ. ಒಬ್ಬರೂ ಬರಲಿಲ್ಲ. ಕಾರ್ಖಾನೆ ಊರಿಗೆ ನೋಡಲೆಂದು ಯಾರು ಬರುತ್ತಾರೆ? ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಒಂದಿಷ್ಟು ಜನ ಬಂದರು ನಿಜ. ಆದರೆ ಅವರೆಲ್ಲ ಜೋಗಕ್ಕೆ ಹೋಗುವವರು. ನಿಂತ ಕಾಲಲ್ಲೇ ಕಾಫಿ ಕುಡಿದು, ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನ ಮುಗಿದುಹೋಗುತ್ತದೆಂದು ಓಡುತ್ತಿದ್ದರು. ಆನೆಗಳು ಸ್ನಾನ ಮಾಡಿಕೊಂಡು ನನ್ನ ಮಾನವನ್ನೂ ಕಾಫಿಪುಡಿಯನ್ನೂ ಕಾಪಾಡುತ್ತಿದ್ದವು.

ಆಮೇಲೆ ನಮ್ಮವರಿಗೆ ವರ್ಗವಾಗಿ ಸಮುದ್ರದ ದಡದ ಒಂದು ಊರಿಗೆ ಬಂದೆವು. ಊರಿನ ಹೆಸರು ಹೇಳುವುದಿಲ್ಲ. ನಿಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲ. ಹೇಳಿದರೆ ‘ಹೌದಾ, ಅಲ್ಲಿ ನಮ್ಮ ಪರಿಚಯದವರೇ ಇದ್ದಾರಲ್ಲ’ ಎಂದು ನೀವೂ ಬ್ಯಾಗು ತುಂಬುತ್ತೀರಿ. ಮನೆಯಿಂದ ಸಮುದ್ರಕ್ಕೆ ಐದು ನಿಮಿಷದ ನಡಿಗೆ. ಸುದ್ದಿ ಶಿವಮೊಗ್ಗ, ಭದ್ರಾವತಿಯ ನೆಂಟರಿಷ್ಟರಲ್ಲಿ ಹಬ್ಬಿದ್ದೇ ತಡ, ಹತ್ತಾರು ವರ್ಷಗಳಿಂದ ನಾನು ಅಂದ ‘ಬನ್ನಿ’ಗಳೆಲ್ಲ ಒಂದೊಂದಾಗಿ ಜೀವ ತಾಳಿ, ಕಾರು ಮಾಡಿಕೊಂಡು ಘಾಟಿ ಇಳಿಯತೊಡಗಿದವು. ‘ಅವತ್ತು ಮದುವೆ ಮನೇಲಿ ಅಷ್ಟು ಬಾಯ್ತುಂಬ ಕರೆದಿದ್ರಿ, ಬರದಿದ್ರೆ ಬೇಜಾರು ಮಾಡ್ಕೋತೀರಿ ಅಂತ ಬಂದ್ವಿ’ ಎನ್ನುತ್ತಿದ್ದರು. ಅವರು ಯಾರೆಂದು ನೆನಪಾಗದೆ ನಾನು ಒಳಗೆ ಹೋಗಿ ಅಕ್ಕಿ ಜಾಸ್ತಿ ಹಾಕುತ್ತಿದ್ದೆ.

ಪ್ರವಾಸಿಗರ ಊರಿನಲ್ಲಿ ಸಂಸಾರ ಮಾಡುವವರ ಪಾಡು ಬೇರೆಯವರಿಗೆ ತಿಳಿಯುವುದಿಲ್ಲ. ನಾವು ಬಂದ ಹೊಸದರಲ್ಲಿ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿ ಇತ್ತು. ಈಗ ಅದೇ ಅಂಗಡಿಯಲ್ಲಿ ಬಣ್ಣಬಣ್ಣದ ಟೋಪಿ, ಕಾಲಿಗೆ ಕಟ್ಟುವ ಕವಡೆಸರ, ಕನ್ನಡಕ. ಕಾಲಿಗೆ ಕವಡೆ ಕಟ್ಟಿಕೊಳ್ಳಬೇಕೆಂದರೆ ನಿಂತಲ್ಲೇ ಸಿಗುತ್ತದೆ, ಕುಕ್ಕರಿನ ಗ್ಯಾಸ್ಕೆಟ್ ಬೇಕೆಂದರೆ ನಾನು ಶಿವಮೊಗ್ಗದ ಗಾಂಧಿ ಬಜಾರಿಗೇ ಹೋಗಬೇಕು. ಬೆಳಿಗ್ಗೆ ಇಡ್ಲಿ ಕೊಡುತ್ತಿದ್ದ ಹೋಟೆಲಿನವರು ಈಗ ಬೆಳಿಗ್ಗೆ ಬಾಗಿಲೇ ತೆಗೆಯುವುದಿಲ್ಲ. ಹನ್ನೊಂದಕ್ಕೆ ತೆಗೆದು, ನೂಡಲ್ಸಿಗೂ ಶಾವಿಗೆಗೂ ಮಧ್ಯದ ಏನನ್ನೋ ಬಿಳಿ ಸಾಸಿನಲ್ಲಿ ಅದ್ದಿ ಕೊಡುತ್ತಾರೆ. ಎಳನೀರಿನವನು ನನ್ನನ್ನು ನೋಡಿ ಹಿಂದಿಯಲ್ಲಿ ರೇಟು ಹೇಳುತ್ತಾನೆ. ‘ಅಣ್ಣಾ, ನಾನು ಇಲ್ಲಿಯವಳೇ’ ಎಂದರೆ ‘ಎಲ್ಲರೂ ಹಂಗೇ ಹೇಳೂದು’ ಎಂದು ಕನ್ನಡದಲ್ಲಿ ಅದೇ ರೇಟು ಹೇಳುತ್ತಾನೆ. ಇನ್ನು ಮರಳಂತೂ ಹಾಸಿಗೆಯಲ್ಲಿ, ಬಚ್ಚಲಲ್ಲಿ, ಕೊನೆಗೆ ಸಾಸಿವೆ ಡಬ್ಬಿಯಲ್ಲಿ. ಬಂದವರೆಲ್ಲ ಉಪ್ಪುನೀರು ತೊಳೆದುಕೊಳ್ಳಲು ಟ್ಯಾಂಕು ಖಾಲಿ ಮಾಡಿ, ಒದ್ದೆ ತಲೆ ಒರೆಸಿಕೊಳ್ಳುತ್ತಾ ‘ದಿನಾ ಸಮುದ್ರ ನೋಡ್ತೀರಲ್ಲ, ಪುಣ್ಯ ಮಾಡಿದ್ರಿ’ ಎನ್ನುತ್ತಾರೆ. ನಾನು ಸಮುದ್ರ ನೋಡಿ ಎಷ್ಟು ಕಾಲವಾಯಿತೆಂದು ಕೇಳುವವರಿಲ್ಲ. ಇಷ್ಟು ಹೇಳಿದ್ದಕ್ಕೆ ನಾನು ಜನ ಕಂಡರಾಗದವಳು ಅಂದುಕೊಳ್ಳಬೇಡಿ. ಜನ ಬಂದರೆ ನನಗೆ ಖುಷಿಯೇ, ಸೌಟು ಮಾತ್ರ ಸಿಟ್ಟಾಗುತ್ತದೆ.

ಇದನ್ನೆಲ್ಲ ಹೇಗೋ ತಡೆದುಕೊಂಡಿದ್ದೆ. ತಡೆಯಲಾರದ್ದು ನಡೆದದ್ದು ಹೋದ ವರ್ಷ ನನ್ನ ಅಮ್ಮ ಬಂದಾಗ. ಅಮ್ಮ ಭದ್ರಾವತಿಯಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಅಪ್ಪ ಇದ್ದಾಗ ಅವರ ಕಾರ್ಖಾನೆಯ ಶಿಫ್ಟು, ನಮ್ಮ ಪರೀಕ್ಷೆ, ಎಮ್ಮೆಯ ಕರು ಹೀಗೆ ಒಂದಲ್ಲ ಒಂದು ಅಡ್ಡ ಬಂದು ಅವಳು ಜನ್ಮದಲ್ಲಿ ಸಮುದ್ರ ನೋಡಿರಲಿಲ್ಲ. ಒಂದು ವಾರ ಇದ್ದು ಹೋಗಲು ಬಂದಳು. ಅವಳು ಬಂದ ದಿನವೇ ನಮ್ಮವರ ಸೋದರತ್ತೆಯ ಕಡೆಯವರು ಬಂದರು, ಅವರು ಹೊರಡುವ ಹೊತ್ತಿಗೆ ಇನ್ನೊಂದು ಕಾರು ಬಂತು. ಸೂರ್ಯ ಮುಳುಗುವ ಸಮಯಕ್ಕೆ ಸರಿಯಾಗಿ ಎಲ್ಲರಿಗೂ ಹಸಿವಾಗುತ್ತಿತ್ತು. ‘ಪಾಪ, ಮಕ್ಕಳು ನೀರಲ್ಲಿ ಆಡಿ ಬಂದಿವೆ’ ಎಂದು ಅಮ್ಮ ಸೆರಗು ಸಿಕ್ಕಿಸಿ ಚಪಾತಿ ಲಟ್ಟಿಸಲು ಕೂರುತ್ತಿದ್ದಳು. ಒಂದು ಸಂಜೆ ಏನಾದರಾಗಲಿ ಎಂದು ಒಲೆ ಆರಿಸಿ ಅವಳನ್ನು ಹೊರಡಿಸಿದೆ. ಅಂಗಳಕ್ಕೆ ಬಂದು ನೋಡಿದರೆ ಯಾರೋ ಪುಣ್ಯಾತ್ಮರು ನಮ್ಮ ಗೇಟಿಗೆ ಒತ್ತಿಕೊಂಡು ಕಾರು ನಿಲ್ಲಿಸಿ ಸಮುದ್ರಕ್ಕೆ ಹೋಗಿದ್ದರು. ಗೇಟು ತೆರೆಯಲಿಲ್ಲ. ಕಾಂಪೌಂಡು ಹಾರಲು ಅಮ್ಮನ ಮಂಡಿ ಒಪ್ಪಲಿಲ್ಲ. ಇಬ್ಬರೂ ಒಳಗೆ ಬಂದು ದೋಸೆಗೆ ಅಕ್ಕಿ ನೆನೆಹಾಕಿದೆವು. ಹೀಗೆ ವಾರವಿಡೀ ಅಡುಗೆಮನೆಯ ಕಿಟಕಿಯಿಂದ ಸಮುದ್ರದ ಸದ್ದು ಕೇಳಿಕೊಂಡು ಅಮ್ಮ ಭದ್ರಾವತಿಗೆ ಹೋದಳು.

ಅವಳು ಊರು ಮುಟ್ಟಿದ ಮರುದಿನ ಫೋನು ಮಾಡಿದೆ. ಅಲ್ಲಿ ಅಮ್ಮನ ಪಕ್ಕದ ಮನೆಯ ಸೆಲ್ವಿಯಕ್ಕ ಬಂದು ಕೂತಿದ್ದರು. ಅವರ ಯಜಮಾನರೂ ಅಪ್ಪನ ಜೊತೆ ಕಾರ್ಖಾನೆಯಲ್ಲಿದ್ದವರು, ಕ್ವಾರ್ಟರ್ಸಿನ ಕಾಲದಿಂದ ಅವರೂ ಅಮ್ಮನೂ ಒಂದು ಜೀವ. ಅಮ್ಮ ಫೋನು ಕಿವಿಗಿಟ್ಟುಕೊಂಡೇ ಅವರಿಗೆ ಹೇಳುತ್ತಿದ್ದಳು. ‘ಅದೇನು ಕೇಳ್ತೀಯ ಮಾರಾಯ್ತಿ. ಅಲೆ ಹಿಂದೆ ಹೋಗುವಾಗ ಕಾಲಡಿ ಮರಳನ್ನೇ ಎಳ್ಕೊಂಡು ಹೋಗತ್ತೆ, ನಾವೇ ಜಾರಿ ಹೋದಂಗಾಗತ್ತೆ. ಬೆನ್ನು ಮಾತ್ರ ತೋರಿಸಬಾರದು, ಕೆಡವಿ ಹಾಕತ್ತೆ. ಸೂರ್ಯ ಅಂತೂ ತಟ್ಟೆಯಷ್ಟಗಲ.’ ಚಪಾತಿ ಬಡಿಸುವಾಗ ನೆಂಟರು ಮಾತಾಡಿಕೊಂಡದ್ದನ್ನೆಲ್ಲ ಒಂದಕ್ಷರ ಬಿಡದೆ ಸೇರಿಸಿಟ್ಟುಕೊಂಡು, ತಾನೇ ನೋಡಿದವಳಂತೆ ಹೇಳುತ್ತಿದ್ದಳು. ಸಮುದ್ರದ ಊರಿನ ಮಗಳ ಮನೆಗೆ ಹೋಗಿ ಸಮುದ್ರ ನೋಡಲಿಲ್ಲ ಎಂದರೆ ಮಗಳಿಗೆ ಅವಮಾನವಲ್ಲವೇ? ಮುಂದಿನ ಸಲ ಅಮ್ಮ ಬಂದಾಗ ಒಂದು ನರಪಿಳ್ಳೆಯನ್ನೂ ಮನೆ ಹತ್ತಿರ ಬಿಡುವುದಿಲ್ಲ, ಅವಳೂ ನಾನೂ ಇಬ್ಬರೇ ಕೂತು ಸೂರ್ಯ ಮುಳುಗುವುದನ್ನು ನೋಡುತ್ತೇವೆ ಎಂದು ಅವತ್ತೇ ಶಪಥ ಮಾಡಿದೆ.

ಆ ಅವಕಾಶ ಈ ವರ್ಷ ಬಂತು. ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮಗಳ ಮದುವೆ ಗುರುವಾರ. ಶುಕ್ರವಾರದಿಂದ ಮೂರು ದಿನ ರಜೆ. ಮದುವೆ ಮುಗಿಸಿ, ರಾತ್ರಿ ಭದ್ರಾವತಿಯಲ್ಲಿದ್ದು, ಬೆಳಿಗ್ಗೆ ಅಮ್ಮನನ್ನು ಸದ್ದಿಲ್ಲದೆ ಬಸ್ಸು ಹತ್ತಿಸಿಕೊಂಡು ಹೋಗುವುದು ನನ್ನ ಯೋಜನೆ. ಅಪಾಯವಿದ್ದದ್ದು ಮದುವೆ ಮಂಟಪದಲ್ಲಿ. ಇಡೀ ಬಳಗ ಅಲ್ಲೇ ಇರುತ್ತದೆ, ಮುಂದೆ ಮೂರು ದಿನ ರಜೆ ಬೇರೆ. ನನ್ನ ಬಾಯಿಂದ ಆ ಎರಡಕ್ಷರ ಬೀಳಬಾರದು.

ಬಾಗಿಲಲ್ಲೇ ಸಿಕ್ಕಿದವರು ಮದುವಣಗಿತ್ತಿಯ ಅಪ್ಪ, ನವುಲೆಯ ಚಿಕ್ಕಪ್ಪ. ಮಗಳ ಧಾರೆ ಎರೆಯಬೇಕಾದ ಮನುಷ್ಯ ಪನ್ನೀರುದಾನಿ ಕೈಯಲ್ಲಿ ಹಿಡಿದುಕೊಂಡೇ ‘ನಿಮ್ಮೂರಲ್ಲಿ ಈಗ ಹವಾ ಹೆಂಗಿದೆ ಕಣೆ?’ ಎಂದು ಗಾಳ ಹಾಕಿದರು.

‘ಸೆಕೆ ಚಿಕ್ಕಪ್ಪ. ಜೀವ ಹೋಗತ್ತೆ’ ಎಂದೆ.

‘ಸಂಜೆ ಹೊತ್ತಾದ್ರೂ ತಂಪಿರತ್ತಲ್ಲ?’

‘ಸಂಜೆ ಸೊಳ್ಳೆ.’

‘ನೀರಲ್ಲಿ ಇದ್ರೆ ಸೊಳ್ಳೆ ಏನು ಮಾಡತ್ತೆ?’

‘ನೀರಲ್ಲಿ ಅಂಬಲಿ ಮೀನು ಅಂತ ಬಂದಿದೆ ಚಿಕ್ಕಪ್ಪ, ಮುಟ್ಟಿದ್ರೆ ಮೈಯೆಲ್ಲ ಉರಿ. ಮೇಲಾಗಿ ಮನೆಗೆ ಬಣ್ಣ ಹೊಡೆಸ್ತಾ ಇದ್ದೀವಿ, ಕಾಲಿಡೋಕೆ ಜಾಗ ಇಲ್ಲ’ ಎಂದು ಒಂದೇ ಉಸಿರಿಗೆ ಸುಳ್ಳು ಪೋಣಿಸಿದೆ. ಚಿಕ್ಕಪ್ಪ ಪನ್ನೀರು ಚಿಮುಕಿಸಿ ಒಳಗೆ ಕಳಿಸಿದರು. ಸೋಗಾನೆಯ ದೊಡ್ಡಮ್ಮ ‘ಈಗ ನಮ್ಮನೆ ಅಂಗಳದಲ್ಲಿ ನಿಂತ್ರೆ ವಿಮಾನ ಇಳಿಯೋದು ಕಾಣತ್ತೆ, ಬಾರೆ ಒಂದ್ಸಲ’ ಎಂದರು. ಇಂಥ ಕಡೆ ‘ನೀವೂ ಬನ್ನಿ’ ಅನ್ನದಿರುವುದು ಸೀನು ತಡೆದುಕೊಂಡಷ್ಟೇ ಕಷ್ಟ. ನಾಲಿಗೆ ಕಚ್ಚಿಕೊಂಡು ‘ಆರೋಗ್ಯ ನೋಡ್ಕೊಳ್ಳಿ ದೊಡ್ಡಮ್ಮ’ ಎಂದೆ. ಅವರಿಗೆ ನನ್ನ ಮೇಲೆ ಅನುಮಾನ ಬಂದಿತೋ ತಮ್ಮ ಆರೋಗ್ಯದ ಮೇಲೆ ಬಂದಿತೋ, ಊಟವಾಗುವವರೆಗೂ ನನ್ನನ್ನೇ ನೋಡುತ್ತಿದ್ದರು. ಅಮ್ಮ ಮಾತ್ರ ಪಂಕ್ತಿಯ ನಡುವೆ ಕೂತು ಎಡಕ್ಕೂ ಬಲಕ್ಕೂ ತಿರುಗಿ ಎಲ್ಲರ ಹತ್ತಿರ ಮಾತಾಡುತ್ತಿದ್ದಳು. ಎದ್ದು ಕೈ ತೊಳೆಯಲು ಹೋಗುವವರೆಲ್ಲ ನನ್ನ ಕಡೆ ನೋಡಿ ನಗುತ್ತಿದ್ದರು. ಬಹಳ ದಿನದ ಮೇಲೆ ಕಂಡ ಪ್ರೀತಿ ಅಂದುಕೊಂಡು ನಾನೂ ನಕ್ಕೆ. ಯಾರನ್ನೂ ಕರೆಯದೆ ಮಂಟಪ ದಾಟಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆ ಭದ್ರಾವತಿಯಲ್ಲಿ ಕಾಲು ಚಾಚಿ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ ಸೆಲ್ವಿಯಕ್ಕ ಬಂದರು. ಕೈಯಲ್ಲಿ ಎರಡು ಬಟ್ಟೆ. ‘ಅಲ್ಲ ಕಣಮ್ಮಾ, ಸಮುದ್ರಕ್ಕೆ ಇಳಿಯೋದಕ್ಕೆ ಚೂಡಿದಾರ್ ಹಾಕ್ಲಾ, ಇಲ್ಲ ನೈಟಿನೇ ಸಾಕಾ?’ ಎಂದು ನನ್ನನ್ನೇ ಕೇಳಿದರು. ಬಾಯಿಗೆ ಹೋಗುತ್ತಿದ್ದ ಮಂಡಕ್ಕಿಯನ್ನು ವಾಪಸು ತಟ್ಟೆಗೆ ಹಾಕಿದೆ.

‘ಯಾವ ಸಮುದ್ರಕ್ಕೆ?’ ಎಂದೆ.

‘ನಿಮ್ಮೂರಿಂದೇ. ಮಿನಿ ಬಸ್ಸು ಬೆಳಿಗ್ಗೆ ಹತ್ತಕ್ಕೇ ಬರತ್ತೆ ಅಂದ್ಲಲ್ಲ ನಿಮ್ಮಮ್ಮ.’

ಅಮ್ಮನ ಕಡೆ ತಿರುಗಿದೆ. ಅವಳು ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದಳು. ‘ನೀನು ಮದುವೆ ಮನೇಲಿ ಮೂತಿ ತಿರುಗಿಸ್ಕೊಂಡು ಓಡಾಡ್ತಿದ್ದೆ. ಜನ ಏನಂದ್ಕೋತಾರೆ? ಅದಕ್ಕೆ ನಾನೇ ಕರೆದೆ’ ಎಂದಳು ತಣ್ಣಗೆ.

‘ಯಾರನ್ನ?’

‘ಕೂತ ಪಂಕ್ತೀನ.’

ನನಗೆ ಎಲ್ಲಿತ್ತೋ ಸಿಟ್ಟು. ‘ಅಮ್ಮಾ, ನಾನು ಬೆಳಗಿಂದ ಅಷ್ಟು ಸುಳ್ಳು ಹೇಳಿದ್ದು ಯಾರಿಗೋಸ್ಕರ? ನಿನಗೊಬ್ಬಳಿಗೆ ನೆಮ್ಮದಿಯಾಗಿ ಸಮುದ್ರ ತೋರಿಸ್ಬೇಕು ಅಂತ. ಇವರೆಲ್ಲ ಬಂದ್ರೆ ನೀನು ಮತ್ತೆ ಚಪಾತಿ ಲಟ್ಟಿಸ್ತಾ ಕೂರ್ತೀಯ. ನಿನ್ನ ಕೈಲಿ ಆಗಲ್ಲ, ನನ್ನ ಕೈಲಿ ನೋಡೋಕೂ ಆಗಲ್ಲ’ ಎಂದೆ.

ಅಮ್ಮ ಸೆಲ್ವಿಯಕ್ಕನನ್ನು ಕಾಫಿಗೆ ನೀರಿಡಲು ಒಳಗೆ ಕಳಿಸಿ ನನ್ನ ಹತ್ತಿರ ಸರಿದಳು. ‘ಒಬ್ಬಳೇ ಬಗ್ಗಿ ನೋಡ್ಕೊಂಡು ಬರೋಕೆ ಅದೇನು ಹಿತ್ತಲ ಬಾವಿನೇನೆ? ಹೋದ ಸಲ ನೋಡದೇನೇ ನೋಡಿದೆ ಅಂತ ಸೆಲ್ವಿ ಹತ್ರ ಎಲ್ಲಾ ಹೇಳಿಬಿಟ್ಟಿದ್ದೀನಿ. ಈಗ ಒಬ್ಬಳೇ ಹೋಗಿ ನಿಜವಾಗಿ ನೋಡ್ಕೊಂಡು ಬಂದ್ರೆ ಯಾರ ಹತ್ರ ಏನಂತ ಹೇಳ್ಲಿ? ಹೇಳೋದು ಮೊದಲೇ ಮುಗಿದಿದೆ. ಅವಳನ್ನೂ ಕರ್ಕೊಂಡು ಹೋದ್ರೆ ಜೊತೇಲಾದ್ರೂ ಬಾಯಿ ಬಿಟ್ಕೊಂಡು ನೋಡಬಹುದು’ ಎಂದು ಪಿಸುಗುಟ್ಟಿದಳು. ‘ಮತ್ತೆ ಅಡುಗೆ?’ ಎಂದೆ. ‘ಅದನ್ನ ನಾನು ಯೋಚನೆ ಮಾಡಿಲ್ವಾ? ಪುಳಿಯೋಗರೆ ಸೆಲ್ವಿದು, ಖಡಕ್ ರೊಟ್ಟಿ, ಚಟ್ನಿಪುಡಿ ನವುಲೆಯವರದು, ಚಕ್ಕುಲಿ ಸೋಗಾನೆ ಅಕ್ಕಂದು. ಬಸ್ಸು ಸೀದಾ ನೀರಿನ ಹತ್ರ ನಿಲ್ಲಬೇಕು. ಮೊದಲು ಮನೆಗೆ ಹೋದ್ವೋ, ಕೆಟ್ವಿ. ನಂಗೆ ಒಲೆ ಕಂಡ್ರೆ ಕೈ ಸುಮ್ನಿರಲ್ಲ’ ಎಂದಳು.

ಬೆಳಿಗ್ಗೆ ಬಸ್ಸು ಭದ್ರಾವತಿ ಬಿಟ್ಟು ಶಿವಮೊಗ್ಗ ಮುಟ್ಟಿತು. ಹಿಂದಿನ ದಿನವಷ್ಟೇ ಮಗಳನ್ನು ಕಳಿಸಿಕೊಟ್ಟು ಕಣ್ಣೊರೆಸಿಕೊಂಡಿದ್ದ ಚಿಕ್ಕಪ್ಪ ನವುಲೆಯ ತಿರುವಿನಲ್ಲಿ ಬರ್ಮುಡಾ ಚಡ್ಡಿಯಲ್ಲಿ ನಿಂತಿದ್ದರು. ಹತ್ತಿದವರೇ ‘ಬಣ್ಣದ ವಾಸನೆ ನಂಗೇನೂ ಆಗಲ್ಲ ಬಿಡೆ’ ಎಂದು ನನ್ನ ಪಕ್ಕದಲ್ಲೇ ಕೂತರು. ನಮ್ಮವರಿಗೆ ಫೋನು ಮಾಡಿ ‘ಬಸ್ಸು ತುಂಬ ಬರ್ತಿದ್ದೀವಿ’ ಎಂದೆ. ‘ಟ್ಯಾಂಕು ತುಂಬಿಸ್ತೀನಿ’ ಎಂದರು. ಘಾಟಿಯುದ್ದಕ್ಕೂ ಹಾಡು, ವಾಂತಿ, ಮತ್ತೆ ಹಾಡು. ಊರು ಹತ್ತಿರವಾದಂತೆ ರಸ್ತೆ ತುಂಬ ಕಾರುಗಳು, ಎಲ್ಲದರ ನೆತ್ತಿಯ ಮೇಲೂ ಬ್ಯಾಗು. ‘ಎಷ್ಟು ಜನ ಬಂದಿದ್ದಾರಪ್ಪ ಈ ಟೂರಿಸ್ಟುಗಳು’ ಎಂದು ದೊಡ್ಡಮ್ಮ ಬೇಸರಪಟ್ಟರು. ಚಕ್ಕುಲಿಯ ಡಬ್ಬಿ ಅವರ ತೊಡೆಯ ಮೇಲಿತ್ತು.

ಇಳಿಹೊತ್ತಿಗೆ ದಡದಲ್ಲಿ ಇಳಿದೆವು. ಎಲ್ಲರೂ ಅಮ್ಮನ ಹಿಂದೆ ನಿಂತರು, ಸಮುದ್ರ ಬಲ್ಲವಳು ಅವಳೊಬ್ಬಳೇ ತಾನೆ? ‘ಎಷ್ಟು ದೂರ ಹೋಗಬಹುದು?’ ಎಂದು ಸೆಲ್ವಿಯಕ್ಕ ಕೇಳಿದರು. ‘ಬೆನ್ನು ಮಾತ್ರ ತೋರಿಸಬೇಡಿ. ನನ್ನ ಹಿಂದೆ ಬನ್ನಿ’ ಎಂದು ಅಮ್ಮ ಸೀರೆ ಎತ್ತಿಕಟ್ಟಿ ಹೊರಟಳು. ಮೊದಲ ಅಲೆ ಪಾದಕ್ಕೆ ತಾಗಿ ಹಿಂದೆ ಸರಿದಾಗ ಮಾತ್ರ ನನ್ನ ಕೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಳು. ಸೂರ್ಯ ಕೆಳಗಿಳಿದಿದ್ದ, ನೀರೆಲ್ಲ ಹೊಳೆಯುತ್ತಿತ್ತು. ಅಮ್ಮ ನನಗೊಬ್ಬಳಿಗೇ ಕೇಳುವಂತೆ, ‘ನಾನು ಹೇಳಿದ್ದಕ್ಕಿಂತ ದೊಡ್ಡದಿದೆ ಕಣೆ’ ಎಂದಳು.

ನನಗೆ ಅಳು ಬಂತೋ ನಗು ಬಂತೋ ತಿಳಿಯುವ ಮೊದಲೇ ಎರಡನೆಯ ಅಲೆ ಬಂದು ಇಬ್ಬರನ್ನೂ ಕೂರಿಸಿತು. ಎದ್ದು, ಸೆಲ್ವಿಯಕ್ಕನ ನೈಟಿ ಹಿಡಿದು, ಚಿಕ್ಕಪ್ಪನನ್ನು ಎಳೆದುಕೊಂಡು ಇನ್ನೂ ಮುಂದೆ ಹೋದೆವು. ಯಾವಾಗ ಸೊಂಟದವರೆಗೆ ನೀರು ಬಂತೋ ನನಗೆ ಗೊತ್ತೇ ಆಗಲಿಲ್ಲ. ಜೀವರಕ್ಷಕ ಹುಡುಗ ಸೀಟಿ ಊದುತ್ತಾ ಓಡಿ ಬಂದ. ‘ಅಕ್ಕಾ, ಕೆಂಪು ಬಾವುಟ ಕಾಣೂದಿಲ್ವ? ಯಾವ ಊರು ನಿಮ್ಮದು?’ ಎಂದು ಗದರಿದ. ಇದೇ ಊರಿನವಳು ಮಾತಾಡಲಿ ಎಂದು ಇಡೀ ಬಳಗ ನನ್ನ ಮುಖ ನೋಡಿತು.

ಬಾಯಲ್ಲಿದ್ದ ಉಪ್ಪುನೀರು ಉಗುಳಿ, ಕೂದಲು ಸರಿಸಿಕೊಂಡು, ‘ಭದ್ರಾವತಿ ಅಣ್ಣ. ಈಗಷ್ಟೇ ಬಂದ್ವಿ, ನಮಗೇನು ಗೊತ್ತಾಗತ್ತೆ’ ಎಂದೆ. ಅವನು ಹಣೆ ಚಚ್ಚಿಕೊಂಡು ‘ಟೂರಿಸ್ಟುಗಳದ್ದು ಯಾವಾಗ್ಲೂ ಇದೇ ಕತೆ’ ಎಂದು ಗೊಣಗಿ ನಮ್ಮನ್ನು ದಡದವರೆಗೆ ಅಟ್ಟಿದ. ನಾವು ತಲೆ ತಗ್ಗಿಸಿ ನಿಂತಿದ್ದು, ಅವನು ಆ ಕಡೆ ತಿರುಗಿದೊಡನೆ, ಈ ಸಲ ಬಾವುಟದ ಈಚೆಗಷ್ಟೇ, ಮತ್ತೆ ನೀರಿಗೆ ಓಡಿದೆವು. ಎಲ್ಲರಿಗಿಂತ ಮುಂದೆ ಓಡಿದವಳು ನಾನೇ ಎಂದು ಅಮ್ಮ ಈಗ ಭದ್ರಾವತಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ.