ಮಣ್ಣಿನ ರುಚಿ ನೋಡುವ ಭಾವ

ನಮ್ಮ ಭಾವನನ್ನು ಊಟಕ್ಕೆ ಕರೆಯುವವರು ಒಂದು ವಿಷಯ ತಿಳಿದಿರಬೇಕು. ಅಡುಗೆಗಿಂತ ಮೊದಲು ಅವರು ನಿಮ್ಮ ಹೂಕುಂಡದ ರುಚಿ ನೋಡುತ್ತಾರೆ! ಚಿಟಿಕೆ ಮಣ್ಣು ನಾಲಿಗೆಗೆ, ಕಣ್ಣು ಮುಚ್ಚಿ ಧ್ಯಾನ, ಆಮೇಲೆ ತೀರ್ಪು: "ಉಪ್ಪೈತಿ."

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ, ತುಂಗಭದ್ರಾ ಕಾಲುವೆ ಕಡೆಯವರು; ಹೆಂಡತಿ ಈಗಿಲ್ಲ. ಒಮ್ಮೆ ಅಂಗಿ ಕೊಡಿಸಲು ಕಮರ್ಷಿಯಲ್ ಸ್ಟ್ರೀಟಿಗೆ ಕರೆದೊಯ್ದೆ. ಅಂಗಡಿ ಬಾಗಿಲಿನ ಕುಂಡಕ್ಕೆ ಕೈಹಾಕಿ ಬಾಯಿಗಿಟ್ಟರು. ಕಾವಲಿನವನು ಗಾಬರಿಯಾಗಿ, "ಸಾರ್, ಹೋಟ್ಲು ಪಕ್ಕದಲ್ಲೇ ಇದೆ!" ಅಂದ.

ಈ ಹುಚ್ಚಿಗೂ ಕಾರಣವಿತ್ತು. ಜೋಳ ಬೆಳೆಯುತ್ತಿದ್ದ ಅವರೂರಿಗೆ ಕಾಲುವೆ ಬಂತು, ಎಲ್ಲರೂ ಭತ್ತಕ್ಕೆ ಬಿದ್ದರು. ಹೊಲದ ನೀರು ಬಸಿದು ಹೋಗಲೆಂದು ತಂದೆ ತೋಡಿದ್ದ ಬಸಿಗಾಲುವೆಯನ್ನು ಭಾವ ಮುಚ್ಚಿಸಿದರು, ಅಲ್ಲೂ ನಾಲ್ಕು ಪೈರು ಬರಲಿ ಅಂತ! ದಾರಿಯಿಲ್ಲದ ನೀರು ಬಿಸಿಲಿಗೆ ಆರಿತು, ಉಪ್ಪು ಮೇಲೇ ಉಳಿಯಿತು. ಕೆಲವೇ ವರ್ಷಕ್ಕೆ ಹೊಲವೆಲ್ಲ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬೆಳ್ಳಗೆ. "ಸಾವಿರಾರು ವರ್ಷದ ಹಿಂದ ಮೆಸಪಟೋಮಿಯಾದವರೂ ಹಿಂಗ ಕೆಟ್ಟರಂತ್ರೀ," ಅನ್ನುತ್ತಿದ್ದರು, ದಾಯಾದಿಗಳ ಸುದ್ದಿ ಹೇಳುವಂತೆ.

ಹಲಸೂರಿನ ನಮ್ಮ ಬಾಲ್ಕನಿ ಕಟ್ಟೆಯ ಮೇಲೆ ನನ್ನವಳ ಮಲ್ಲಿಗೆ ಕುಂಡವಿದೆ. ಕೆಳಮನೆಗೆ ಸೋರದಿರಲೆಂದು ಅದರ ತಳದ ತೂತಿಗೆ ಸಿಮೆಂಟ್ ಮೆತ್ತಿದ್ದೆ. ಭಾವ ರುಚಿ ನೋಡಿದರು. ತಗೊಳ್ಳಿ, ಸುತ್ತಿಗೆ, ಮೊಳೆ ಹಿಡಿದು ತೂತು ಬಿಡಿಸಿಯೇಬಿಟ್ಟರು! ಕೆಂಪು ನೀರೆಲ್ಲ ಕೆಳಮನೆ ಆಂಟಿ ಒಣಹಾಕಿದ್ದ ಸೀರೆ ಮೇಲೆ.

"ಏನ್ ಸಾರ್, ನಿಮ್ಮನೇಲಿ ಮಾತ್ರ ಮಳೇನಾ?" ಕೆಳಗಿಂದ ಆಂಟಿ ಕೂಗಿದರು.

ನನಗೆ ರೇಗಿತು. "ನಿಮ್ಮ ಹೊಲಾನೇ ಉಳಿಸ್ಕೊಳ್ಳಕ್ಕಾಗ್ಲಿಲ್ಲ, ನನ್ನ ಕುಂಡ ಉಳಿಸಕ್ಕೆ ಬಂದ್ರಾ?" ಅಂದುಬಿಟ್ಟೆ. ಭಾವ ಕೈ ತೊಳೆದುಕೊಂಡು, ಚೀಲ ಹಿಡಿದು ಹೊರಟೇಹೋದರು. ನಾನೋ, ಜಂಬದಲ್ಲಿ ಮತ್ತೆ ಸಿಮೆಂಟ್ ಮೆತ್ತಿದೆ!

ಆಮೇಲೆ ಮನೆಯಲ್ಲಿ ನಾನು, ಮಲ್ಲಿಗೆ ಇಬ್ಬರೇ. ಮಾತಿಗೆ ಬೇರೆ ಯಾರಿದ್ದರು? ಕಾಫಿ ಆಯ್ತಾ ಅಂತ ಅದನ್ನೇ ಕೇಳುತ್ತಿದ್ದೆ. ಎಲೆಯಂಚು ಸುಡತೊಡಗಿತು. ಬಾಯಾರಿರಬೇಕೆಂದು ಇನ್ನಷ್ಟು ಬೋರ್‌ವೆಲ್ ನೀರು ಸುರಿದೆ. ಕೊನೆಗೆ ಮಣ್ಣಿನ ಮೇಲೆ ಬಿಳಿ ಪದರ ಕಂಡಿತು. ಅಕ್ಕಪಕ್ಕ ನೋಡಿ, ಚಿಟಿಕೆ ಮಣ್ಣು ನಾಲಿಗೆಗಿಟ್ಟೆ.

ಫೋನ್ ಮಾಡಿದೆ. "ಭಾವ, ತಪ್ಪಾಯ್ತು..."

"ಉಪ್ಪೈತೇನ್ರೀ?"

"ಇದೆ."

"ತಂಗಿ ಗಿಡದಾಗ ಹಸಿರೇನಾರ ಉಳದೈತೇನು?"

"ಒಂದೇ ಕುಡಿ."

"ಹಂಗಾರ ತೂತು ಬಿಡಸ್ರಿ. ಸೀನೀರು ಹೊಯ್ರಿ. ಉಪ್ಪು ತೊಳದು ಹೋಗ್ಲಿ."

ಫೋನ್ ಕಟ್ ಮಾಡದೆಯೇ ಸಿಮೆಂಟ್ ಕಿತ್ತೆ. ಕೆಳಗೆ ಬಕೆಟ್ ಇಟ್ಟು ಕುಡಿಯುವ ನೀರು ಹೊಯ್ದೆ. ಸ್ವಲ್ಪ ಹೊತ್ತಿಗೆ ಟಪ್, ಟಪ್. ಫೋನನ್ನು ಬಕೆಟ್ಟಿನ ಹತ್ತಿರ ಹಿಡಿದೆ. ಭಾವ ಫೋನ್ ಇಟ್ಟುಬಿಟ್ಟರೇನೋ ಅಂತ ಕಿವಿಗೆ ತಂದುಕೊಂಡೆ.

"ಬಕೇಟಿನ ಕಡೇನ ಹಿಡೀರಿ," ಅಂದರು ಭಾವ. "ಇನ್ನೊಂದೀಟು ಕೇಳ್ತೀನಿ."