ಕೆಸರೆಳೆಯುವ ಪಂಪು, ತಲೆಕೆಡಿಸುವ ಗಿರಾಕಿ

ಇವತ್ತು ಯಾರ ಮೇಲೂ ರೇಗುವುದಿಲ್ಲ ಎಂದು ದಿನಾ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ತೀರ್ಮಾನ ಮಾಡುತ್ತೇನೆ. ಮೊದಲ ಗಿರಾಕಿ ಬರುವವರೆಗೆ ಅದು ಉಳಿದಿರುತ್ತದೆ.

ಬನಶಂಕರಿಯಲ್ಲಿ ನನ್ನದು ಪಂಪಿನ ಅಂಗಡಿ. ಬೋರ್ ಕೊರೆಯುವಾಗ, ಕಟ್ಟಡದ ಪಾಯಕ್ಕೆ ಆಳವಾಗಿ ಕೊರೆಯುವಾಗ ಕೆಸರು ಉಕ್ಕುತ್ತದಲ್ಲ, ಅದನ್ನು ಎಳೆದು ಟ್ಯಾಂಕರಿಗೆ ತುಂಬಲು ಬೇರೆಯದೇ ಸೆಂಟ್ರಿಫ್ಯೂಗಲ್ ಪಂಪ್ ಬೇಕು. ದಪ್ಪ ಬಾಡಿ, ಒಳಗೆ ಕಲ್ಲುಪುಡಿಗೆ ಬೇಗ ಸವೆಯದ ಗಟ್ಟಿ ಚಕ್ರ. ನೀರಿನ ಪಂಪನ್ನು ಕೆಸರಿಗೆ ಇಟ್ಟರೆ ಸಾಯುತ್ತದೆ. ಸತ್ತಮೇಲೆ ಕೆಡುವುದು ನನ್ನ ಅಂಗಡಿಯ ಹೆಸರು. ಅದಕ್ಕೇ ನನಗೆ ಉರಿಯುವುದು.

ಭಾರ ಜಾಸ್ತಿ

ಒಬ್ಬ ಕಂಟ್ರಾಕ್ಟರ್ ಕೆಸರಿನ ಪಂಪನ್ನು ಎತ್ತಿ ನೋಡಿ ಮುಖ ಸಿಂಡರಿಸಿದ. "ಇದನ್ನ ಯಾರು ಹೊರ್ತಾರೆ ಸಾರ್? ಲೈಟಾಗಿರೋದು ಕೊಡಿ."

"ಕೆಸರಿಗೆ ಅದು ತಡಿಯಲ್ಲ ಕಣ್ರೀ!" ಎಂದು ಕೂಗಿದೆ. ಕೇಳಬೇಕಲ್ಲ! ನೀರಿನ ಪಂಪನ್ನೇ ಸ್ಕೂಟರಿನಲ್ಲಿ ಇಟ್ಟುಕೊಂಡು ಹೋದ. ವಾರದೊಳಗೆ ವಾಪಸ್ ತಂದು ಕೌಂಟರ್ ಮೇಲೆ ಕುಕ್ಕಿದ. ಬಾಡಿಯಲ್ಲಿ ತೂತು, ಚಕ್ರ ಅರ್ಧ ಮಾಯ.

"ಏನ್ ಸಾರ್, ಇಂಥ ಪಂಪ್ ಕೊಟ್ಟಿದ್ದೀರಾ?"

ಎತ್ತಿ ನೋಡಿದೆ. "ನೀವು ಕೇಳಿದ್ದಕ್ಕಿಂತ ಲೈಟಾಗಿದೆಯಲ್ರೀ, ಇನ್ನೇನ್ ಬೇಕು?"

ನೋಡಿದವರಿಗಾದರೂ ಬುದ್ಧಿ ಬರಲಿ ಎಂದು ಆ ಸತ್ತ ಪಂಪನ್ನು ಕೌಂಟರ್ ಮೇಲೇ ಇಟ್ಟುಕೊಂಡೆ.

ಮಜ್ಜಿಗೆ

ಕೆಸರು ಎಷ್ಟು ಗಟ್ಟಿ ಎಂದು ಗೊತ್ತಾಗದೆ ಪಂಪ್ ಆರಿಸಲು ಆಗುವುದಿಲ್ಲ. ಜೆ.ಪಿ. ನಗರದ ಒಬ್ಬ ಸೈಟ್ ಎಂಜಿನಿಯರನ್ನು ಫೋನಿನಲ್ಲಿ ಕೇಳಿದೆ. "ಮಜ್ಜಿಗೆ ಥರ ಇದೆ ಸಾರ್," ಅಂದ. ನಂಬಿಕೆ ಬರದೆ ಟ್ರಾಫಿಕ್ಕಿನಲ್ಲಿ ಒದ್ದಾಡಿಕೊಂಡು ಹೋಗಿ ನೋಡಿದರೆ, ಜಲ್ಲಿ ಹಾಕಿ ಕೆದಕಿದ ಉಪ್ಪಿಟ್ಟು!

"ಇದೇನ್ರೀ ಮಜ್ಜಿಗೆ?"

"ಬೆಳಿಗ್ಗೆ ಮಜ್ಜಿಗೆನೇ ಇತ್ತು ಸಾರ್. ನೀವು ಲೇಟಾಗಿ ಬಂದ್ರಿ."

ಕಾಯಿ ಹೇಳಿದ್ದು

ಇಟ್ಟಮಡುವಿನ ಒಬ್ಬ ಮನೆ ಮಾಲೀಕರು ಬೋರ್ ಕೊರೆಸುತ್ತಿದ್ದರು. ಕೆಸರು ಪಕ್ಕದ ಮನೆಯ ನೀರಿನ ಸಂಪ್‌ಗೆ ನುಗ್ಗುವುದರಲ್ಲಿತ್ತು. ಓಡಿ ಬಂದರು. ಜೊತೆಗೆ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನೀರಿರುವ ಜಾಗ ತೋರಿಸುವವನು.

"ನೀರು ತೋರಿಸಿದ್ದು ಇವ್ರೇ ಸಾರ್. ಪಂಪೂ ಇವ್ರೇ ತೋರಿಸ್ಲಿ."

ಅವನು ಕಾಯಿ ಹಿಡಿದು ಅಂಗಡಿಯೆಲ್ಲಾ ಸುತ್ತಿದ. ಕಾಯಿ ಎದ್ದು ನಿಂತಿದ್ದು ಎಲ್ಲಿ? ಆ ಸತ್ತ ಪಂಪಿನ ಎದುರಿಗೆ!

"ಅದನ್ನೇ ಕೊಡಿ," ಅಂದರು ಮಾಲೀಕರು.

"ಅದರಲ್ಲಿ ತೂತಿದೆ ಕಣ್ರೀ!"

"ಕಾಯಿ ಸುಳ್ಳು ಹೇಳಲ್ಲ," ಅಂದ ಅವನು.

ನನಗೆ ಮೈಯೆಲ್ಲಾ ಉರಿದುಹೋಯಿತು. ಕಾಯಿಯನ್ನು ಕಿತ್ತುಕೊಂಡು ನನ್ನ ಅಂಗೈ ಮೇಲಿಟ್ಟುಕೊಂಡೆ. ನೇರ ಕೆಸರಿನ ಪಂಪಿನ ಮುಂದೆ ಹೋಗಿ, ಬೆರಳಲ್ಲಿ ತಳ್ಳಿ ಎಬ್ಬಿಸಿ ನಿಲ್ಲಿಸಿದೆ. ಮಾಲೀಕರು ಕೈ ಮುಗಿದರು. ಆ ಪಂಪನ್ನೇ ಆಟೋಗೆ ಹಾಕಿಸಿಕೊಂಡು ಹೋದರು. ಕಾಯಿಯವನು ಸಿಟ್ಟಿನಿಂದ ಕಾಯಿ ಬಿಟ್ಟೇ ಹೋದ.

ಮರುದಿನ ಬೆಳಿಗ್ಗೆ ಮಾಲೀಕರ ಫೋನ್ ಬಂತು. "ಕೆಸರೆಲ್ಲಾ ಎಳೀತು ಸಾರ್, ಪಕ್ಕದ ಮನೆ ಸಂಪ್ ಉಳೀತು. ಪಂಪ್ ಸಖತ್ತಾಗಿದೆ!"

ಇಷ್ಟು ವರ್ಷಕ್ಕೆ ಒಬ್ಬನಾದರೂ ನನ್ನ ಮಾತು ಒಪ್ಪಿದ ಎಂದು ಉಬ್ಬಿಹೋದೆ.

"ಆ ಕಾಯಿನ ಜೋಪಾನವಾಗಿಟ್ಟಿರಿ ಸಾರ್. ನಾಳೆ ನಮ್ಮ ಭಾವಮೈದ ಬರ್ತಾನೆ, ಅದ್ರಲ್ಲೇ ನೋಡಿ ಕೊಡಿ."

ನಾನಾಗ ತಿಂಡಿ ತಿನ್ನುತ್ತಾ ಕೂತಿದ್ದೆ. ಆ ಕಾಯಿ ಚಟ್ನಿಯಾಗಿ, ಎರಡನೇ ದೋಸೆಯ ಜೊತೆ ನನ್ನ ಹೊಟ್ಟೆ ಸೇರುತ್ತಿತ್ತು.