ಒಕ್ಕಣ್ಣಿನ ಕಾವಲುಗಾರ

ಓದಿದವನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲವೆಂದು ಕೊರಗುವವರನ್ನು ಕಂಡರೆ ನನಗೆ ಅಸೂಯೆಯಾಗುತ್ತದೆ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ನನ್ನ ಮಾತಿಗೆ ಅವ್ವ ಕೊಟ್ಟ ಬೆಲೆಯನ್ನು ನೆನೆದರೆ ಈಗಲೂ ಕೈ ತಾನಾಗಿ ಎಡಗಾಲಿನ ಹರಡಿನತ್ತ ಹೋಗುತ್ತದೆ.

ಎಂಬತ್ತರ ದಶಕದ ಆರಂಭ. ನಾನು ಶಿರಹಟ್ಟಿಯಲ್ಲಿ ವಿಜ್ಞಾನದ ಮಾಸ್ತರ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಮಲೇರಿಯಾದಲ್ಲಿ ನಡುಗಿ ಎದ್ದ ಮೇಲೆ ಸೊಳ್ಳೆಗಳ ಬಗ್ಗೆ ನನಗೆ ವೈಯಕ್ತಿಕ ದ್ವೇಷ ಹುಟ್ಟಿತ್ತು. ನೀರಿನಲ್ಲಿ ಬಿಳಿ ಚುಕ್ಕೆಯಂತೆ ಜಿಗಿಯುವ ಸೈಕ್ಲಾಪ್ಸ್ ಎಂಬ ಜೀವಿ, ಸಿಗಡಿ ಏಡಿಗಳ ದೂರದ ನಂಟ, ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಯಾವುದೋ ಪತ್ರಿಕೆಯಲ್ಲಿ ಓದಿದೆ. ಅವ್ವನೋ ಬಾವಿಯ ನೀರನ್ನು ಮಡಿಸಿದ ಹಳೆಯ ಧೋತರದಲ್ಲಿ ಸೋಸಿ ಮನೆಯ ಎರಡು ಮಣ್ಣಿನ ಹರವಿಗಳಿಗೆ ತುಂಬುತ್ತಿದ್ದಳು. ಇದು ಕಾವಲುಗಾರನನ್ನೇ ಹೊರಗಟ್ಟಿದಂತಲ್ಲವೆ? ಶಾಲೆಯ ಭೂತಗನ್ನಡಿ ತಂದು ಆ ಜೀವಿಯನ್ನು ಅವ್ವನಿಗೆ ತೋರಿಸಿದೆ.

“ಒಂದ ಕಣ್ಣೈತಲ್ಲೋ ಇದಕ್ಕ. ಸೊಳ್ಳಿ ಹೆಂಗ ಕಾಣತೈತಿ?”

“ಸೋಸಬ್ಯಾಡ ಅಂದ್ರ ಸೋಸಬ್ಯಾಡ. ನಾ ಓದೇನಿ.”

“ಆತಪಾ. ನೀ ಕಲತಾವ.”

ಕೆಲವು ತಿಂಗಳ ಬಳಿಕ ಆರೋಗ್ಯ ಇಲಾಖೆಯವನೊಬ್ಬ ಓಣಿಯಲ್ಲಿ ನನ್ನನ್ನು ನಿಲ್ಲಿಸಿದ. “ಮಾಸ್ತರ, ಈ ಬಾವ್ಯಾಗ ನಾರುಹುಣ್ಣಿನ ಬೀಜ ಐತ್ರಿ. ಒಕ್ಕಣ್ಣಿನ ಹುಳ ಇರತೈತಲ್ರಿ, ಅದರ ಹೊಟ್ಟ್ಯಾಗ. ಸೋಸದ ಕುಡದ್ರ, ವರ್ಷ ಆದಮ್ಯಾಲ ಕಾಲಾಗಿಂದ ಮೊಳ ಉದ್ದದ ನಾರು ಬರತೈತಿ. ನಿಮಗ ನಾ ಏನ ಹೇಳೂದು ಬಿಡ್ರಿ.” ನಾನು ಗಂಭೀರವಾಗಿ ತಲೆಯಾಡಿಸಿದೆ. ಪದವಿ ಪರೀಕ್ಷೆಯಲ್ಲಿ ಆ ಪಾಠವನ್ನು ಆಯ್ಕೆಗೆ ಬಿಟ್ಟವನು ಬೇರೇನು ಮಾಡಿಯಾನು?

ಮನೆಗೆ ಓಡಿ ಅವ್ವನ ಕಾಲು ಹಿಡಿದು ಗುಳ್ಳೆ ಹುಡುಕತೊಡಗಿದೆ. ನಮಸ್ಕಾರವೆಂದು ತಿಳಿದು ಅವಳು ತಲೆ ಮುಟ್ಟಿ ಹರಸಿದಳು. ನನ್ನ ಮಾತು ಕೇಳಿ ನಿನಗೆ ನಾರುಹುಣ್ಣಾದರೆ ಏನು ಗತಿ ಎಂದು ತೊದಲಿದೆ.

“ನನಗ್ಯಾಕ ಆಗತೈತಿ? ನಂದು ಒಳಗಿನ ಹರವಿ, ಸೋಸಿದ್ದು. ಓದು ಬರದಾಕಿ, ರೂಢಿ ಬಿಡಾಕ ಆಗಲಿಲ್ಲ. ಪಡಸಾಲಿ ಹರವಿ ನಿಂದು. ನಿನ್ನ ಮಾತು ಮೀರಬಾರದಂತ ಅದಕ್ಕ ಒಂದ ದಿನಾನೂ ಸೋಸೂ ಅರಿವಿ ಹಚ್ಚಿಲ್ಲ.”

ನನ್ನ ಹರವಿಯಲ್ಲಿ ಸೊಳ್ಳೆಮರಿ ಇರಲಿಲ್ಲವಲ್ಲ ಎಂದೆ, ಸೋತ ದನಿಯಲ್ಲಿ.

“ನನ್ನದರಾಗೂ ಇಲ್ಲ. ಮುಚ್ಚಳ ಐತಲ್ಲ.”

ಅಂದಿನಿಂದ ನಾನೂ ಒಳಗಿನ ಹರವಿಗೆ ಬಂದೆ. ಆದರೆ ಕುಡಿದದ್ದು ಕುಡಿದಾಗಿತ್ತು. ಪಾಠದ ನಡುವೆ ಕಾಲು ತುರಿಸಿದರೆ ಮಾತು ನಿಲ್ಲುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಹರಡಿನ ಮೇಲೆ ಗುಳ್ಳೆ ಎದ್ದು ಒಡೆಯಿತು. ನಾರಿನ ತುದಿಯನ್ನು ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕಿಷ್ಟೇ ಎಳೆಯುತ್ತಾ ಅವ್ವ ಕೇಳಿದಳು, “ಎಷ್ಟ ಉದ್ದ ಇರತೈತೋ ಇದು? ನೀ ಓದೀಯಲ್ಲ.”

“ಮೊಳ ಉದ್ದ,” ಎಂದೆ, ಪುಸ್ತಕದಲ್ಲಿ ಕಂಡವನ ಧಾಟಿಯಲ್ಲಿ.

“ಆತಪಾ,” ಎಂದು ಅವ್ವ ಕಡ್ಡಿಯನ್ನು ಇನ್ನರ್ಧ ಸುತ್ತು ತಿರುಗಿಸಿದಳು. “ನೀ ಕಲತಾವ.”